ಒಂದು ಜರ್ಮನ್ ಶಬ್ದದ ವಿಚಾರ

ದೇವರ ಸನ್ನಿಧಿಯಲ್ಲಿ ಮನಸ್ಸನ್ನು ಒಂದೆಡೆ ನಿಲ್ಲಿಸುವುದಕ್ಕೆ ಜರ್ಮನ್ ಭಾಷೆಯಲ್ಲಿ 'ಆಂಡಾಖ್ಟ್' ಎಂದು ಹೆಸರು. ಚರ್ಚಿನಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಮುಗಿಯುವ ಚಿಕ್ಕ ಆರಾಧನೆಗೂ, ಮನೆಯ ಯಜಮಾನನು ಬೆಳಗಿನಲ್ಲಿ ಹೆಂಡಿರುಮಕ್ಕಳನ್ನು ಕೂಡಿಸಿಕೊಂಡು ಧರ್ಮಗ್ರಂಥದ ನಾಲ್ಕು ಮಾತುಗಳನ್ನೋದಿ ಮಾಡುವ ಪ್ರಾರ್ಥನೆಗೂ ಇದೇ ಹೆಸರು ಸಲ್ಲುವುದು. ಒಬ್ಬನು ಸಂಗೀತವನ್ನು ಮೈಮರೆತು ಕೇಳುತ್ತಿದ್ದರೆ ಅವನು ಆಂಡಾಖ್ಟಿನಿಂದ ಕೇಳುತ್ತಿರುವನೆಂದು ಹೇಳುವುದೂ ಆ ಜನರಲ್ಲಿ ರೂಢಿಯಾಗಿದೆ. ಅಲ್ಲಿ ದೇವರ ಮಾತೇ ಇಲ್ಲವಾದರೂ ಶಬ್ದವು ಅಸಂಗತವೆಂದು ಯಾರಿಗೂ ತೋರುವುದಿಲ್ಲ. ಅದಕ್ಕೆ ಕಾರಣವು ಆ ಶಬ್ದದ ಹುಟ್ಟಿನಲ್ಲಿಯೇ ಇದೆ.

ಶಬ್ದವನ್ನು ಬಿಡಿಸಿ ನೋಡಿದರೆ ಎರಡು ತುಂಡುಗಳು ದೊರೆಯುತ್ತವೆ. ಮೊದಲನೆಯದು 'ಆನ್' ಎಂಬ ಉಪಸರ್ಗ. ಒಂದರ ಕಡೆಗೆ, ಒಂದಕ್ಕೆ ತಗುಲಿ ಎಂದು ಅದರ ಅರ್ಥ. ಎರಡನೆಯದು 'ಡಾಖ್ಟ್', ಇದು 'ಡೆಂಕೆನ್', ಅಂದರೆ ಆಲೋಚಿಸು ಎಂಬ ಧಾತುವಿನಿಂದ ಬಂದ ನಾಮರೂಪ. ನಮ್ಮಲ್ಲಿ 'ಕಾಣ್' ಎಂಬುದು ಭೂತಕಾಲದಲ್ಲಿ 'ಕಂಡ' ಎಂದಾಗುವಂತೆ ಆ ಭಾಷೆಯಲ್ಲಿ 'ಡೆಂಕೆನ್' ಎಂಬುದು 'ಡಾಖ್ಟೆ' ಎಂದಾಗುತ್ತದೆ. ಇಂಗ್ಲಿಷಿನ 'ಥಾಟ್' ಎಂಬ ಮಾತು ಇದರ ದಾಯಾದಿ. ಆದುದರಿಂದ ಆಂಡಾಖ್ಟ್ ಎಂದರೆ ಮೂಲದಲ್ಲಿ ಒಂದು ವಸ್ತುವಿನ ಕಡೆಗೆ ತಿರುಗಿದ ಆಲೋಚನೆ, ಅಷ್ಟೆ. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಜರ್ಮನ್ ಭಾಷೆಯಲ್ಲಿ 'ಅನದಾಹ್ತ್' ಎಂಬ ರೂಪದಲ್ಲಿ ಇದು ಕಾಣಿಸಿಕೊಂಡಾಗ ಗಮನ, ಲಕ್ಷ್ಯ, ಮನಸ್ಸಿಡುವಿಕೆ ಎಂಬಿವೇ ಇದರ ಅರ್ಥವಾಗಿದ್ದವು. 12ನೆಯ ಶತಮಾನದಿಂದೀಚೆಗೆ ದೇವರಲ್ಲಿ ಇಟ್ಟ ಮನಸ್ಸು ಎಂಬ ವಿಶೇಷಾರ್ಥವು ಇದರಲ್ಲಿ ನೆಲೆಗೊಳ್ಳುತ್ತ ಬಂದು, ಕಾಲಕ್ರಮದಲ್ಲಿ ಸಾಮಾನ್ಯಾರ್ಥವು ಹಿಂದೆ ಸರಿದು ವಿಶೇಷವೇ ಮುಖ್ಯವಾಗಿ ಉಳಿಯಿತು.

ಒಂದೇ ಧಾತುವು ಉಪಸರ್ಗದ ಬಲದಿಂದ ಎಲ್ಲಿಗೋ ಹೋಗಿ ಸೇರುವುದು ಸಂಸ್ಕೃತವನ್ನು ಬಲ್ಲ ನಮ್ಮವರಿಗೆ ಹೊಸದಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳೆಲ್ಲ ಒಂದೇ ಧಾತುವಿನ ಮಕ್ಕಳೆಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದುಂಟು. ಅಂತೆಯೇ ಜರ್ಮನ್ ಭಾಷೆಯಲ್ಲಿ 'ಆನ್' ಹೋಗಿ 'ವೆರ್' ಬಂದರೆ 'ವೆರ್‌ಡಾಖ್ಟ್', ಅಂದರೆ ಸಂಶಯ. 'ಗೆ' ಎಂಬುದು ಮುಂದೆ ಸೇರಿ ಹಿಂದೆಯೂ ಒಂದು ಪ್ರತ್ಯಯ ಹತ್ತಿದರೆ 'ಗೆಡೆಖ್ಟ್‌ನಿಸ್', ಅಂದರೆ ಜ್ಞಾಪಕಶಕ್ತಿ. ಭಕ್ತಿ, ಸಂಶಯ, ಜ್ಞಾಪಕ, ಈ ಮೂರೂ ಒಂದೇ ಮನೆಯವು. ಈ ಸಂಬಂಧವು ಕೇವಲ ಕೋಶದ ಕುತೂಹಲವಲ್ಲದೆ ಒಂದು ಮನೆಯ ಮನಃಶಾಂತಿಯ ಪ್ರಶ್ನೆಯೂ ಆದ ಬಗೆಯನ್ನು ಇಲ್ಲಿ ಹೇಳಬೇಕಾಗಿದೆ.

ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಒಬ್ಬ ವಿಶ್ರಾಂತ ಕನ್ನಡ ಪಂಡಿತರಿದ್ದಾರೆ. ಶಾಲೆಯಲ್ಲಿ ಆದೇಶಸಂಧಿಯನ್ನು ಹೇಳಿಕೊಡುವಾಗ ಮಕ್ಕಳಿಗೆ ಊರ ಹೆಸರನ್ನೇ ಉದಾಹರಣೆಯಾಗಿ ಕೊಡುತ್ತಿದ್ದವರು ಅವರು. 'ಪಳ್ಳಿ' ಎಂಬುದರ ಪಕಾರವು ಸಮಾಸದಲ್ಲಿ ವಕಾರವಾಗಿ 'ವಳ್ಳಿ' ಎಂದಾಗುವುದೆಂದೂ, ನೀವು ದಿನವೂ ಬರೆಯುವ ವಿಳಾಸದಲ್ಲಿಯೇ ವ್ಯಾಕರಣವು ಕುಳಿತಿದೆಯೆಂದೂ ಅವರು ಹೇಳಿದರೆ ಮಕ್ಕಳು ನಗುತ್ತಿದ್ದರು. ಅವರ ಮಗಳು ಈಗ ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ ವ್ಯಾಸಂಗಕ್ಕಿದ್ದಾಳೆ. ಆಕೆ ಒಂದು ದಿನ ಚರ್ಚಿನ ಬಾಗಿಲಿನ ಫಲಕವೊಂದರ ಚಿತ್ರವನ್ನು ಕಳುಹಿಸಿ, "ಅಪ್ಪಾ, ಇಲ್ಲಿ ಆಂಡಾಖ್ಟ್ ಇಷ್ಟು ಗಂಟೆಗೆ ಎಂದು ಬರೆದಿದ್ದಾರೆ. ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ? ಭಕ್ತಿ ಎಂದರೆ ಸಾಕೇ?" ಎಂದು ಕೇಳಿದಳು. ಪಂಡಿತರಿಗೆ ಜರ್ಮನ್ ಬಾರದು. ಆದರೆ ಶಬ್ದವೊಂದು ಎದುರಿಗೆ ಬಂದು ನಿಂತರೆ ಅದರ ಕುಲಗೋತ್ರಗಳನ್ನು ಕೇಳದೆ ಬಿಡುವ ಸ್ವಭಾವ ಅವರದಲ್ಲ. ಕೋಶಗಳನ್ನು ತರಿಸಿದರು, ಮಗಳಿಂದ ಓದಿಸಿ ತಿಳಿದುಕೊಂಡರು, ಮೇಲೆ ಹೇಳಿದಷ್ಟು ಸಂಗತಿಯನ್ನು ಕಲೆಹಾಕಿದರು.

ಟ್ಯೂಬಿಂಗನ್ ಎಂಬ ಹೆಸರು ಅವರಿಗೆ ಅಪರಿಚಿತವಾಗಿರಲಿಲ್ಲ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದ ಫರ್ಡಿನಂಡ್ ಕಿಟ್ಟೆಲರು ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡುದು ಆ ಊರಿನಲ್ಲಿಯೇ. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿ, ದಾಸರ ಪದಗಳನ್ನು ಕಲೆಹಾಕಿ ಅಚ್ಚುಮಾಡಿಸಿದ ಹರ್ಮನ್ ಮೋಗ್ಲಿಂಗರು ಅದೇ ವುರ್ಟೆಂಬರ್ಗ್ ನಾಡಿನವರು. ಬಾಸೆಲ್ ಮಿಷನ್ನಿನ ಕಾರ್ಯಕರ್ತರಲ್ಲಿ ಅನೇಕರು ಆ ನಾಡಿನಿಂದಲೇ ಬಂದವರೆಂಬುದೂ, ಮನೆಯ ಪ್ರಾರ್ಥನೆಗೆ ಬಹಳ ಬೆಲೆಗೊಡುವ ಪಯಟಿಸ್ಟ್ ಪಂಥವು ಅಲ್ಲಿ ಆಳವಾಗಿ ಬೇರೂರಿದ್ದಿತೆಂಬುದೂ ಪ್ರಸಿದ್ಧವಾದ ಸಂಗತಿ. ಆಂಡಾಖ್ಟ್ ಎಂಬ ಮಾತನ್ನು ಎಳೆತನದಿಂದ ಕೇಳಿಕೊಂಡು ಬೆಳೆದ ಜನರು ಕನ್ನಡಕ್ಕೆ ಬಂದು ಇಲ್ಲಿನ ಭಕ್ತರ ಹಾಡುಗಳನ್ನು ಓದಿದಾಗ ತಮ್ಮ ಮಾತಿಗೆ ಸರಿಯಾದುದನ್ನು ಹುಡುಕಿರಲಾರರೆ? ಕನ್ನಡ ಬೈಬಲಿನಲ್ಲಿ ದೇವರಲ್ಲಿಡುವ ವಿಶ್ವಾಸಕ್ಕೆ 'ನಂಬಿಕೆ' ಎಂಬ ಅಚ್ಚಗನ್ನಡದ ಮಾತೂ, ದೈವಭೀರುವಾದ ನಡತೆಗೆ 'ಭಕ್ತಿ' ಎಂಬ ಮಾತೂ ನಿಂತಿವೆ. ಎರಡೂ ಒಳ್ಳೆಯ ಆಯ್ಕೆಗಳೇ. ಆದರೆ ನಂಬಿಕೆಯೂ ಭಕ್ತಿಯೂ ತಮ್ಮ ಹುಟ್ಟಿನಲ್ಲಿ ಆಲೋಚನೆಗೆ ಸೇರಿದವುಗಳಲ್ಲ.

ಆಲೋಚನೆಗೆ ಸೇರಿದ ಮಾತುಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ಪಂಡಿತರು ಒಂದೊಂದನ್ನೇ ತೂಗಿನೋಡಿದರು. 'ಗಮನ' ಎಂಬುದು ಮೂಲದಲ್ಲಿ ಹೋಗುವಿಕೆ. ಕನ್ನಡದಲ್ಲಿ ಅದು ಮನಸ್ಸು ವಸ್ತುವಿನ ಕಡೆಗೆ ಹೋಗುವಿಕೆಯಾಗಿದೆ. ಆಂಡಾಖ್ಟಿನ ಹಳೆಯ ಅರ್ಥಕ್ಕೆ ಇದು ಬಹಳ ಹತ್ತಿರ. ಆದರೆ ಗಮನವು ಗುಡಿಯ ಮೆಟ್ಟಿಲನ್ನು ಹತ್ತಲಿಲ್ಲ. ಪಾಠಶಾಲೆ, ಕಚೇರಿ, ಬೀದಿಗಳಲ್ಲಿಯೇ ಉಳಿಯಿತು. 'ಧ್ಯಾನ'ವು ಗುಡಿಯಲ್ಲಿಯೂ ಕಾಡಿನಲ್ಲಿಯೂ ಬೆಳೆದ ಮಾತು. ಬೌದ್ಧ ಭಿಕ್ಷುಗಳೊಡನೆ ಚೀನಕ್ಕೆ ಹೋಗಿ 'ಚಾನ್' ಎಂದೂ, ಅಲ್ಲಿಂದ ಜಪಾನಿಗೆ ದಾಟಿ 'ಝೆನ್' ಎಂದೂ ಹೆಸರಾಂತದ್ದು. ಆದರೆ ಧ್ಯಾನವೆಂದರೆ ಕಣ್ಮುಚ್ಚಿ ಕುಳಿತುಕೊಳ್ಳುವುದೆಂಬ ಭಾವನೆ ಜನರಲ್ಲಿ ಬಲವಾಗಿರುವುದರಿಂದ, ಹಾಡನ್ನು ಕೇಳುವವನ ತನ್ಮಯತೆಗೆ ಅದು ಒದಗಲಾರದು. ಅಚ್ಚಗನ್ನಡದ 'ನೆನೆ' ಎಂಬ ಧಾತುವು ಇನ್ನೂ ಸಮೀಪವೆಂದು ತೋರುತ್ತದೆ. ನೆನೆಯುವುದೆಂದರೆ ಆಲೋಚಿಸುವುದೂ ಹೌದು, ಸ್ಮರಿಸುವುದೂ ಹೌದು. ದೇವರನ್ನು ನೆನೆ ಎಂದರೆ ಹಳ್ಳಿಯ ಮಗುವಿಗೂ ಅರ್ಥವಾಗುತ್ತದೆ. ನೀರಿನಲ್ಲಿ ತೊಯ್ಯುವುದಕ್ಕೂ ನೆನೆಯುವುದೆಂದೇ ಹೇಳುತ್ತೇವಾದರೂ ಅದು ಬೇರೆ ಧಾತು. ತಮಿಳಿನಲ್ಲಿ ಸ್ಮರಿಸುವುದು 'ನಿನೈ', ತೊಯ್ಯುವುದು 'ನನೈ' ಎಂದು ಬೇರೆಬೇರೆಯಾಗಿಯೇ ಉಳಿದಿವೆ. ಕನ್ನಡದ ಕಿವಿಗೆ ಮಾತ್ರ ಎರಡೂ ಒಂದೇ ಧ್ವನಿಯಾಗಿ ಕೇಳುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಹಿಡಿದು ನಿಲ್ಲಿಸಿದುದು 'ಶ್ರದ್ಧೆ' ಎಂಬ ಮಾತು. 'ಶ್ರತ್' ಎಂದರೆ ಹೃದಯ, 'ಧಾ' ಎಂದರೆ ಇಡು. ಶ್ರದ್ಧೆಯೆಂದರೆ ಹೃದಯವನ್ನಿಡುವುದು ಎಂದು ಶಬ್ದಶಾಸ್ತ್ರಜ್ಞರ ಮತ. ಲ್ಯಾಟಿನ್ ಭಾಷೆಯಲ್ಲಿ ನಂಬುತ್ತೇನೆ ಎಂಬರ್ಥದ 'ಕ್ರೇದೋ' ಎಂಬ ಮಾತು ಇದರ ಒಡಹುಟ್ಟು. ವೇದದಲ್ಲಿ ದೇವತೆಯಾಗಿ ಸ್ತುತಿಗೊಂಡ ಈ ಶ್ರದ್ಧೆಯು ಕನ್ನಡದಲ್ಲಿ ಏನಾಯಿತು? ಶ್ರದ್ಧೆಯಿಂದ ಓದು, ಶ್ರದ್ಧೆಯಿಂದ ಕಳೆ ತೆಗೆ, ಶ್ರದ್ಧೆಯಿಂದ ಲೆಕ್ಕ ಬರೆ ಎಂದು ಎಲ್ಲ ಕೆಲಸಗಳಲ್ಲಿಯೂ ಇಡುವ ಮನಸ್ಸಿನ ಹೆಸರಾಯಿತು. ಪಂಡಿತರೇ ಮೂವತ್ತು ವರ್ಷಗಳ ಕಾಲ ಎಷ್ಟೋ ಹುಡುಗರ ಪುಸ್ತಕದಲ್ಲಿ 'ಅಶ್ರದ್ಧೆ' ಎಂದು ಕೆಂಪು ಮಸಿಯಿಂದ ಬರೆದಿದ್ದರು. ಬರೆಯುವಾಗ ದೇವರ ವಿಷಯವು ಅವರ ಮನಸ್ಸಿಗೆ ಬಂದಿರಲಿಲ್ಲ. ಜರ್ಮನ್ ಮಾತು ಗಮನದಿಂದ ಹೊರಟು ಗುಡಿಯನ್ನು ಸೇರಿತು. ನಮ್ಮ ಮಾತು ಯಜ್ಞಶಾಲೆಯಿಂದ ಹೊರಟು ಹೊಲಕ್ಕೂ ಪಾಠಶಾಲೆಗೂ ಇಳಿಯಿತು. ಎರಡು ಭಾಷೆಗಳು ಒಂದೇ ದಾರಿಯಲ್ಲಿ ಎದುರುಬದುರಾಗಿ ನಡೆದಿರುವುದನ್ನು ಕಂಡರೆ, ಭಕ್ತಿಗೂ ಲಕ್ಷ್ಯಕ್ಕೂ ನಡುವೆ ದಾರಿಯೊಂದು ಇದ್ದೇ ಇರಬೇಕೆಂದು ಒಪ್ಪಬೇಕಾಗುತ್ತದೆ.

ಈ ಜರ್ಮನ್ ಮಾತಿಗೂ ನಮ್ಮ ಭಗವದ್ಗೀತೆಗೂ ಒಮ್ಮೆ ಮುಖಾಮುಖಿಯಾದುದುಂಟು. 1823ರಲ್ಲಿ ಆಗುಸ್ಟ್ ವಿಲ್‌ಹೆಲ್ಮ್ ಶ್ಲೆಗೆಲರು ಗೀತೆಯನ್ನು ಲ್ಯಾಟಿನ್ ಅನುವಾದದೊಡನೆ ಬಾನ್ ನಗರದಲ್ಲಿ ಪ್ರಕಟಿಸಿದರು. 'ಯೋಗ' ಎಂಬ ಒಂದು ಮಾತಿಗೆ ಅವರು ಸಂದರ್ಭಾನುಸಾರವಾಗಿ ಹಲವು ಮಾತುಗಳನ್ನು ಬಳಸಬೇಕಾಯಿತು. ಅವುಗಳಲ್ಲಿ 'ದೇವೋತಿಯೋ' ಎಂಬುದೂ ಒಂದು. ಇದು ಹರಕೆಗೆ ಸಂಬಂಧಿಸಿದ ಶಬ್ದ; ತನ್ನನ್ನು ತಾನು ಮುಡಿಪಾಗಿ ಒಪ್ಪಿಸುವುದು ಎಂದು ಅದರ ಮೂಲಾರ್ಥ. ವಿಲ್‌ಹೆಲ್ಮ್ ಫಾನ್ ಹುಂಬೋಲ್ಟರು 1825 ಮತ್ತು 1826ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಗೀತೆಯನ್ನು ಕುರಿತು ಉಪನ್ಯಾಸ ಮಾಡಿ, ಯೋಗಕ್ಕೆ ಆಳಕ್ಕಿಳಿಯುವಿಕೆ ಎಂಬರ್ಥದ ಜರ್ಮನ್ ಶಬ್ದವನ್ನು ಆರಿಸಿದರು. ತತ್ತ್ವಜ್ಞಾನಿ ಹೆಗೆಲರು 1827ರಲ್ಲಿ ಅದನ್ನು ದೀರ್ಘವಾಗಿ ವಿಮರ್ಶಿಸುತ್ತ ಆಂಡಾಖ್ಟನ್ನು ಎಳೆತಂದರು. ಯೋಗವೂ ಒಂದು ಬಗೆಯ ಆಂಡಾಖ್ಟೇ, ಆದರೆ ಒಳಗೆ ಏನೂ ಇಲ್ಲದ, ಬರಿದಾದ ಆಂಡಾಖ್ಟ್ ಎಂಬುದು ಅವರ ಅಭಿಪ್ರಾಯ. ಇದನ್ನು ಓದಿದ ಕನ್ನಡಿಗನಿಗೆ ಕೋಪ ಬರುವುದು ಸಹಜ. ಆದರೆ ಹೆಗೆಲರು ತಮ್ಮವರ ಆಂಡಾಖ್ಟನ್ನೂ ಬಿಟ್ಟವರಲ್ಲ. 1807ರ ತಮ್ಮ ಮಹಾಗ್ರಂಥದಲ್ಲಿ ಶಬ್ದದ ಒಡಲನ್ನೇ ಸೀಳಿ, ಇದು ಆಲೋಚನೆಯ ಕಡೆಗೆ ಹೊರಟದ್ದೇ ಹೊರತು ಆಲೋಚನೆಯನ್ನು ಮುಟ್ಟಿದ್ದಲ್ಲ, ಗಂಟೆಯ ಮೊರೆತದಂತೆ ಆಕಾರವಿಲ್ಲದ್ದು ಎಂಬ ಭಾವವನ್ನು ಸೂಚಿಸಿದ್ದರು. ಒಟ್ಟಿನಲ್ಲಿ ಅವರ ದೃಷ್ಟಿಯಲ್ಲಿ ಭಕ್ತಿಯು ಆಲೋಚನೆಯ ಮೆಟ್ಟಲಿನಲ್ಲಿ ಒಂದು ಕೆಳಗಿನ ಮೆಟ್ಟಲು. ಬುದ್ಧಿಯು ಎಷ್ಟು ಸ್ಪಷ್ಟವೋ ಅಷ್ಟು ಅದು ಮೇಲಕ್ಕೇರಬೇಕು.

ಪಂಡಿತರಿಗೆ ತೊಡಕಾದುದು ಇಲ್ಲಿಯೇ. ಅವರ ಮನೆಯಲ್ಲಿ ಎಂಬತ್ತೆಂಟು ವರ್ಷದ ತಾಯಿ ಇದ್ದಾರೆ. ಮೂರು ವರ್ಷಗಳಿಂದ ಆ ತಾಯಿಯ ಜ್ಞಾಪಕಶಕ್ತಿಯು ಗೋಡೆಯ ಸುಣ್ಣ ಉದುರುವಂತೆ ಉದುರುತ್ತ ಬಂದಿದೆ. ಮಗನನ್ನು ತವರಿನ ಅಣ್ಣನೆಂದು ತಿಳಿಯುವುದುಂಟು. ಸೊಸೆಯನ್ನು ಅತ್ತೆಯೆಂದು ತಿಳಿದು ಸೆರಗು ಸರಿಮಾಡಿಕೊಂಡು ಏಳುವುದುಂಟು. ಅರವತ್ತು ವರ್ಷಗಳ ಕಾಲ ದಿನವೂ ಹೇಳಿಕೊಂಡು ಬಂದ ಸ್ತೋತ್ರಗಳು ಮೊದಲು ನಡುನಡುವೆ ಮುರಿದವು, ಆಮೇಲೆ ಪೂರ್ತಿಯಾಗಿ ಹೋದವು. ದೇವರ ಮನೆಯ ಮುಂದೆ ಕೂರಿಸಿದರೆ, "ಇದು ಯಾರ ಮನೆಯಪ್ಪಾ?" ಎಂದು ಕೇಳುತ್ತಾರೆ. ಆಲೋಚನೆಯೇ ಭಕ್ತಿಯ ಒಡಲಾದರೆ, ಜ್ಞಾಪಕವೂ ಭಕ್ತಿಯೂ ಒಂದೇ ಧಾತುವಿನ ಮಕ್ಕಳಾದರೆ, ಒಂದು ಹೋದಾಗ ಮತ್ತೊಂದೂ ಹೋಯಿತೆಂದೇ ಹೇಳಬೇಕೆ? ಆ ಜರ್ಮನ್ ಶಬ್ದವನ್ನು ಬಿಡಿಸಿದ ರಾತ್ರಿ ಪಂಡಿತರು ಬಹಳ ಹೊತ್ತು ಮಲಗಲಿಲ್ಲ. ವಿದ್ಯೆಯು ಮನುಷ್ಯನನ್ನು ಒಮ್ಮೊಮ್ಮೆ ಇಂತಹ ಕಡೆಗೂ ತಂದು ನಿಲ್ಲಿಸುತ್ತದೆ.

ಇಷ್ಟಾದರೂ ಆ ತಾಯಿಯ ಒಂದು ಅಭ್ಯಾಸವು ಹೋಗಲಿಲ್ಲ. ಬೆಳಗಿನಲ್ಲಿ ಸೊಸೆಯು ಅಡಿಗೆಗೆಂದು ಅಕ್ಕಿಯನ್ನು ಅಳೆದು ಮೊರಕ್ಕೆ ಹಾಕಿದೊಡನೆ, ಎಲ್ಲಿ ಕುಳಿತಿದ್ದರೂ ಎದ್ದು ಬರುತ್ತಾರೆ. ಅದರಿಂದ ಒಂದು ಹಿಡಿಯನ್ನು ತೆಗೆದು ಮೂಲೆಯಲ್ಲಿರುವ ಚಿಕ್ಕ ಗಡಿಗೆಗೆ ಸುರಿಯುತ್ತಾರೆ. ಭಿಕ್ಷೆಗೆ ಬಂದವರಿಗೆ ಕೊಡುವುದಕ್ಕಾಗಿ ಹಿಡಿಯಕ್ಕಿಯನ್ನು ತೆಗೆದಿಡುವುದು ಆ ಸೀಮೆಯ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಒಂದು ದಿನ ಅವಸರದಲ್ಲಿದ್ದ ಸೊಸೆ ಅಕ್ಕಿಯನ್ನು ಆಗಲೇ ತೊಳೆದುಬಿಟ್ಟಿದ್ದಳು.

"ಅವರದು ತೆಗೆದಿಟ್ಟೆಯಾ?" ಎಂದು ಮುದುಕಿ ಕೇಳಿದರು.

"ಯಾರದವ್ವಾ?" ಎಂದರು ಮಗ.

"ಬರೋರದು."

ಯಾರು ಬರುವರೆಂದು ಮತ್ತೆ ಕೇಳಿದರೆ ಅವರಿಗೆ ಹೇಳಲು ತಿಳಿಯಲಿಲ್ಲ. ಆದರೆ ತೆಗೆದಿಡುವವರೆಗೆ ಅಲ್ಲಿಂದ ಕದಲಲಿಲ್ಲ. ಹೆಸರುಗಳು ಅಳಿದ ಮೇಲೆಯೂ ಕೈಯ ರೂಢಿಯು ಬಹಳ ಕಾಲ ಉಳಿಯುವುದೆಂದು ವೈದ್ಯರು ಹೇಳುತ್ತಾರೆ. ಇದನ್ನು ಬರಿಯ ರೂಢಿಯೆಂದು ತಳ್ಳಿಹಾಕುವುದು ಕಷ್ಟವೇನಲ್ಲ. ಆದರೆ ರೂಢಿಯು ತಾನಾಗಿ ಹುಟ್ಟಿದುದಲ್ಲ. ಮಳೆ ಹೋದ ವರ್ಷ, ಮನೆಯಲ್ಲಿ ಅಕ್ಕಿಯೇ ಕಡಮೆಯಾದ ದಿನ, ಮಕ್ಕಳು ಅಳುತ್ತಿದ್ದ ದಿನ, ಆ ಕೈಯನ್ನು ಮೊರದಿಂದ ಗಡಿಗೆಗೆ ಒಯ್ದುದು ಮನಸ್ಸಲ್ಲದೆ ಮತ್ತಾವುದು? ಮನಸ್ಸು ಅಷ್ಟು ಸಾರಿ ಒಯ್ದ ಕೈಯು ಈಗ ಮನಸ್ಸಿಲ್ಲದೆಯೂ ಆ ದಾರಿಯನ್ನು ಬಲ್ಲುದು.

ಆಗ ಪಂಡಿತರು ಜರ್ಮನ್ ಶಬ್ದವನ್ನು ಬದಿಗಿಟ್ಟು, ಇದುವರೆಗೆ ತಮಗೆ ತಿಳಿದೇ ಇದೆಯೆಂದುಕೊಂಡಿದ್ದ 'ಭಕ್ತಿ' ಎಂಬ ಮಾತನ್ನು ಎತ್ತಿಕೊಂಡರು. ಇದರ ಧಾತು 'ಭಜ್'. ಸೇವಿಸು ಎಂಬ ಅರ್ಥವನ್ನು ಎಲ್ಲರೂ ಬಲ್ಲರು. ಆದರೆ ಹಂಚು, ಪಾಲುಮಾಡು, ಪಾಲು ಪಡೆ ಎಂಬುದು ಅದರ ಮೊದಲ ಅರ್ಥ. ಭಾಗ, ಭಾಗ್ಯ, ವಿಭಾಗ, ಭಜನೆ ಇವೆಲ್ಲ ಅಲ್ಲಿಂದಲೇ ಬಂದವು. ವ್ಯಾಕರಣದಲ್ಲಿ ನಾಮಪದವನ್ನು ಏಳು ಬಗೆಯಾಗಿ ವಿಂಗಡಿಸುವ 'ವಿಭಕ್ತಿ'ಯೂ ಅದೇ ಕುಲದ್ದು. ಭಗವಂತನೆಂದರೆ ಭಗವುಳ್ಳವನು, ಅಂದರೆ ಐಶ್ವರ್ಯದ ಪಾಲುಳ್ಳವನು. ಹಂಚಿಕೊಟ್ಟ ಪಾಲಿಗೆ 'ಭಕ್ತ'ವೆಂದು ಹೆಸರು. ಊಟದಲ್ಲಿ ಒಬ್ಬೊಬ್ಬರ ಪಾಲಿಗೆ ಬಂದ ಬೆಂದ ಅನ್ನಕ್ಕೂ ಸಂಸ್ಕೃತದಲ್ಲಿ 'ಭಕ್ತ'ವೆಂದೇ ಹೆಸರು. ಅದು ಪ್ರಾಕೃತದಲ್ಲಿ 'ಭತ್ತ'ವಾಯಿತು. ಹಿಂದಿ ಮರಾಠಿಗಳಲ್ಲಿ ಅನ್ನಕ್ಕೆ ಹೇಳುವ 'ಭಾತ್' ಆಯಿತು. ಕನ್ನಡಕ್ಕೆ ಬಂದು ಗದ್ದೆಯಲ್ಲಿ ಬೆಳೆಯುವ ಭತ್ತವಾಗಿ ನಿಂತಿತು. ಭಕ್ತಿಯೂ ಭತ್ತವೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ಸೀಮೆಯಲ್ಲಿ ಜೀವಮಾನವನ್ನು ಕಳೆದ ಪಂಡಿತರು ಈ ಸಂಬಂಧವನ್ನು ನೋಡಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತರಂತೆ.

ಆ ಸೀಮೆಯ ಜನರಿಗೆ ಪಾಲು ಎಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ನಾಲೆಯ ನೀರು ಮೇಲಿನ ಗದ್ದೆಯವನ ಔದಾರ್ಯವನ್ನೂ ಸರದಿಯ ನ್ಯಾಯವನ್ನೂ ನಂಬಿ ಕೆಳಗಿನ ಗದ್ದೆಗೆ ಇಳಿಯಬೇಕು. ಪಾಲನ್ನು ಬಿಟ್ಟುಕೊಡದವನು ಎಷ್ಟು ಧ್ಯಾನ ಮಾಡಿದರೂ ಊರವರು ಅವನನ್ನು ಭಕ್ತನೆಂದು ಒಪ್ಪುವುದು ಕಷ್ಟ. ಸಮೀಪದ ಹರಿಹರದಲ್ಲಿ ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಬಲಭಾಗ ಹರನೂ ಎಡಭಾಗ ಹರಿಯೂ ಆದ ಒಂದೇ ಮೂರ್ತಿಯು ನಿಂತಿದೆ; ಅಲ್ಲಿ ದೇವರುಗಳೂ ಒಂದೇ ಮೈಯನ್ನು ಪಾಲುಮಾಡಿಕೊಂಡಿದ್ದಾರೆ. ಕಲ್ಯಾಣದ ಬಿಜ್ಜಳನ ಭಂಡಾರವನ್ನು ನೋಡಿಕೊಂಡಿದ್ದ ಬಸವಣ್ಣನವರನ್ನು ನಾಡು 'ಭಕ್ತಿಭಂಡಾರಿ' ಎಂದು ಕರೆಯುತ್ತದೆ. ಭಂಡಾರವು ಕೂಡಿಡುವುದಕ್ಕೆ ಮಾತ್ರವಲ್ಲ, ಹಂಚುವುದಕ್ಕೂ ಇರುವುದು. ದಾಸೋಹವೆಂಬ ಮಾತನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಮಗಳಿಗೆ ಉತ್ತರವು ಹೋಯಿತು. ಆಂಡಾಖ್ಟಿಗೆ ಕನ್ನಡದಲ್ಲಿ ಶ್ರದ್ಧೆಯೆಂದರೆ ಹೆಚ್ಚು ಸರಿಯಾದೀತು, ಭಕ್ತಿಯೆಂದರೆ ಅರ್ಧ ಮಾತ್ರ ಸರಿ ಎಂದು ಪಂಡಿತರು ಬರೆದರು. ಒಂದು ಮಾತು ಮನಸ್ಸು ಹೋಗಿ ಮುಟ್ಟುವುದನ್ನು ಹೇಳುತ್ತದೆ; ಇನ್ನೊಂದು ಮಾತು ಕೈಯಲ್ಲಿರುವುದನ್ನು ಹಂಚುವುದನ್ನು ಹೇಳುತ್ತದೆ. ಮನಸ್ಸಿಲ್ಲದ ಹಂಚಿಕೆಯು ಲೆಕ್ಕಪತ್ರವಾಗಬಹುದು. ಹಂಚದ ಮನಸ್ಸು ಹೆಗೆಲರು ಹೇಳಿದ ಗಂಟೆಯ ಮೊರೆತವಾಗಬಹುದು. ಇದಕ್ಕೆ ಮಗಳು, "ಅಪ್ಪಾ, ಅಜ್ಜಿಯ ಗಡಿಗೆಯನ್ನು ಯಾರೂ ಎತ್ತಿಡದಂತೆ ಅಮ್ಮನಿಗೆ ಹೇಳಿ" ಎಂದಷ್ಟೇ ಮರುಮಾತು ಬರೆದಳು.

ಈ ಶಬ್ದವಿಚಾರದಿಂದ ಜರ್ಮನರು ಆಲೋಚನಾಪರರು, ನಾವು ಹಂಚುವವರು ಎಂಬ ಸುಲಭವಾದ ಸಿದ್ಧಾಂತಕ್ಕೆ ಹಾರಬಾರದು. ಭಕ್ತನಾದವನಿಗೆ ಆ ಭಾಷೆಯಲ್ಲಿ 'ಫ್ರೋಮ್' ಎಂಬ ಇನ್ನೊಂದು ವಿಶೇಷಣವಿದೆ. ಅದರ ಹಳೆಯ ಮೂಲವು ಪ್ರಯೋಜನ, ಉಪಕಾರ ಎಂಬರ್ಥದ ಶಬ್ದ. ನಡುಗಾಲದಲ್ಲಿ ಅದು ಕೆಲಸಕ್ಕೆ ಬರುವವನು, ಗಟ್ಟಿಗ, ಪ್ರಾಮಾಣಿಕ ಎಂಬ ಅರ್ಥಗಳಲ್ಲಿ ಸಲ್ಲುತ್ತಿದ್ದಿತು. ದೇವರಿಗೆ ನಡೆದುಕೊಳ್ಳುವವನು ಎಂಬ ಇಂದಿನ ಅರ್ಥವು ಹತ್ತಿದುದು ಆಮೇಲೆ. ನಾಲ್ಕು ಜನರಿಗೆ ಉಪಯೋಗವಾಗುವವನೇ ಭಕ್ತನೆಂದು ಆ ಜನರ ಹಿರಿಯರೂ ಬಗೆದಿದ್ದರೆಂದು ಇದರಿಂದ ತಿಳಿಯುತ್ತದೆ. ನೆನೆಯುವ ಮಾತೂ ನೆರವಾಗುವ ಮಾತೂ ಎರಡೂ ಭಾಷೆಗಳಲ್ಲಿವೆ. ಯಾವ ಕಾಲಕ್ಕೆ ಯಾವುದು ಉಳಿಯುವುದೆಂಬುದು ಮನುಷ್ಯನ ಕೈಯಲ್ಲಿಲ್ಲ. ಒಂದು ಕೈಬಿಟ್ಟಾಗ ಇನ್ನೊಂದರ ಮೇಲೆ ನಿಲ್ಲುವಷ್ಟು ಅಭ್ಯಾಸವನ್ನು ಮುಂಚಿತವಾಗಿ ಮಾಡಿಕೊಂಡಿರುವುದಷ್ಟೇ ಅವನಿಂದ ಸಾಧ್ಯ.